ಯಂತ್ರ ಬಂದಿದೆ, ದ್ರಾವಣ ಬಂದಿಲ್ಲ: ಪ್ರಾಥಮಿಕ ಆರೋಗ್ಯದ ಅನುದಾನ ಹಿಂದುಳಿದ ಊರುಗಳಲ್ಲಿ ಏಕೆ ಸೊರಗುತ್ತದೆ

ಕಲ್ಯಾಣ ಕರ್ನಾಟಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿನ ಪ್ರಯೋಗಾಲಯದ ಮೇಜಿನ ಮೇಲೆ ರಕ್ತ ಪರೀಕ್ಷೆಯ ಯಂತ್ರವೊಂದಿತ್ತು. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಬಿಚ್ಚಿರಲಿಲ್ಲ. ಪಕ್ಕದಲ್ಲಿದ್ದ ದಾಸ್ತಾನು ಪುಸ್ತಕದಲ್ಲಿ ಯಂತ್ರ ಬಂದ ದಿನಾಂಕ, ಕ್ರಮಸಂಖ್ಯೆ, ಬೆಲೆ ಎಲ್ಲವೂ ದುಂಡನೆಯ ಅಕ್ಷರಗಳಲ್ಲಿ ದಾಖಲಾಗಿದ್ದವು. ಪರೀಕ್ಷೆಗೆ ಬೇಕಾದ ದ್ರಾವಣಗಳ ಪುಟದಲ್ಲಿ ಮಾತ್ರ ಏನೂ ಇರಲಿಲ್ಲ. ಪ್ರಯೋಗಶಾಲಾ ತಂತ್ರಜ್ಞರನ್ನು ವಾರಕ್ಕೆ ಮೂರು ದಿನ ತಾಲ್ಲೂಕು ಆಸ್ಪತ್ರೆಗೆ ನಿಯೋಜಿಸಿದ್ದರು. ನಾನು ಹೋದ ದಿನ ಅವರು ಅಲ್ಲಿದ್ದರು. ತೊಗರಿ ಹೊಲದ ಕೂಲಿ ಬಿಟ್ಟು ಬಂದಿದ್ದ ನಡುವಯಸ್ಸಿನ ಹೆಂಗಸೊಬ್ಬರಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಮೂತ್ರಪಿಂಡ ಹೇಗಿದೆ ಎಂದು ನೋಡಲು ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರು. ಚೀಟಿ ಹಿಡಿದು ಬಂದ ಅವರು, "ಇಲ್ಲೇ ಆಗುವುದಿಲ್ಲವೇ ಸಿಸ್ಟರ್?" ಎಂದು ಕೇಳಿದರು. "ಇಲ್ಲವ್ವಾ, ತಾಲ್ಲೂಕಿಗೇ ಹೋಗಬೇಕು" ಎಂದರು ನರ್ಸ್. ಎಷ್ಟು ಜನರಿಗೆ, ಎಷ್ಟು ಸಲ ಹೇಳಿದ್ದ ಮಾತೋ ಅದು. ತಾಲ್ಲೂಕಿಗೆ ಹೋಗುವುದೆಂದರೆ ಇನ್ನೊಂದು ದಿನದ ಕೂಲಿ ಕಳೆದುಕೊಳ್ಳುವುದು. ಅಲ್ಲಿಯೂ ಆಗದಿದ್ದರೆ ಖಾಸಗಿ ಲ್ಯಾಬಿಗೆ ದುಡ್ಡು ತೆರುವುದು. ಹೆಚ್ಚಿನವರು ಹೋಗುವುದೇ ಇಲ್ಲ. ಕಾಲು ಬಾತುಕೊಂಡ ಮೇಲೆ ಹೋಗುತ್ತಾರೆ.

ಸರ್ಕಾರದ ಲೆಕ್ಕದಲ್ಲಿ ಆ ಯಂತ್ರದ ಕೆಲಸ ಮುಗಿದಿದೆ. ಅನುದಾನ ಬಿಡುಗಡೆಯಾಯಿತು, ಖರೀದಿಯಾಯಿತು, ಬಳಕೆ ಪ್ರಮಾಣಪತ್ರ ಹೋಯಿತು. ಇದರಲ್ಲಿ ಕಳ್ಳತನವಿಲ್ಲ, ಯಾರ ಸೋಮಾರಿತನವೂ ಇಲ್ಲ. ಆದರೂ ಆ ಹೆಂಗಸಿನ ಪಾಲಿಗೆ ಏನೂ ಆಗಲಿಲ್ಲ. ಆರೋಗ್ಯಕ್ಕೆ ಸರ್ಕಾರ ಹಣ ಕೊಡುವುದಿಲ್ಲ ಎಂಬ ದೂರು ನಿಜವೇ. ಆದರೆ ಕೊಟ್ಟ ಹಣವೂ ಯಾವ ರೂಪದಲ್ಲಿ, ಯಾವ ಕಟ್ಟಳೆಗಳೊಡನೆ, ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ಅದರ ಮೊತ್ತದಷ್ಟೇ ಮುಖ್ಯ. ಈ ರೂಪವೇ ಸೌಲಭ್ಯವಿಲ್ಲದ ಊರುಗಳಿಗೆ ಪ್ರತಿಕೂಲವಾಗಿದೆ ಎಂಬುದು ನನ್ನ ವಾದ.

ಮೊದಲು ಹಣದ ದಾರಿ ನೋಡೋಣ. ಸಂವಿಧಾನದ ಪ್ರಕಾರ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ ವಿಷಯ. ಹಾಗಾಗಿ ಕಾಯಂ ವೈದ್ಯರ ಸಂಬಳ, ಔಷಧಿ, ಕಟ್ಟಡದ ನಿರ್ವಹಣೆ ಇವುಗಳ ದೊಡ್ಡ ಪಾಲು ರಾಜ್ಯದ ಬಜೆಟ್‌ನಿಂದ ಬರುತ್ತದೆ. ಎರಡನೆಯ ದಾರಿ ರಾಷ್ಟ್ರೀಯ ಆರೋಗ್ಯ ಅಭಿಯಾನ. 2005ರ ಏಪ್ರಿಲ್‌ನಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವೆಂದು ಶುರುವಾಗಿ, 2013ರಲ್ಲಿ ನಗರಗಳಿಗೂ ವಿಸ್ತರಿಸಿದ ಈ ಯೋಜನೆಯಲ್ಲಿ ಕೇಂದ್ರ ಸರ್ಕಾರ 60 ರೂಪಾಯಿ ಕೊಟ್ಟರೆ ರಾಜ್ಯ 40 ಸೇರಿಸಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ ಈ ಪಾಲು 90 ಮತ್ತು 10. ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ, ಗುತ್ತಿಗೆ ನರ್ಸ್‌ಗಳು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು, ಕೇಂದ್ರಗಳಿಗೆ ಕೊಡುವ ಮುಕ್ತ ನಿಧಿ ಎಲ್ಲವೂ ಬಹುಮಟ್ಟಿಗೆ ಇದರಲ್ಲಿಯೇ ಬರುತ್ತವೆ.

ಮೂರನೆಯದು, ಕೇಂದ್ರದ ತೆರಿಗೆ ಹಣವನ್ನು ರಾಜ್ಯಗಳಿಗೆ ಹೇಗೆ ಹಂಚಬೇಕೆಂದು ಸೂಚಿಸುವ ಹಣಕಾಸು ಆಯೋಗದ ಅನುದಾನ. ಇದು ಹೊಸದು, ಹೆಚ್ಚು ಚರ್ಚೆಯಾಗದೆ ಉಳಿದದ್ದು. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಐದು ವರ್ಷಗಳಿಗೆ ಪ್ರಾಥಮಿಕ ಆರೋಗ್ಯಕ್ಕೆಂದೇ 70,051 ಕೋಟಿ ರೂಪಾಯಿಯನ್ನು ಶಿಫಾರಸು ಮಾಡಿತು, ಅದೂ ಪಂಚಾಯಿತಿ ಮತ್ತು ನಗರಸಭೆಗಳ ಮೂಲಕ. ಕೋವಿಡ್‌ನ ಮೊದಲ ಅಲೆಯ ನಡುವೆ ಸಿದ್ಧವಾದ ವರದಿ ಅದು. ಗ್ರಾಮೀಣ ಭಾಗಕ್ಕೆ 43,928 ಕೋಟಿ, ನಗರಗಳಿಗೆ 26,123 ಕೋಟಿ. ಗ್ರಾಮೀಣ ಪಾಲಿನಲ್ಲಿ ಕೇಂದ್ರಗಳ ಪ್ರಯೋಗಾಲಯ ಮತ್ತು ಪರೀಕ್ಷಾ ಸೌಲಭ್ಯಕ್ಕೆ 16,377 ಕೋಟಿ, ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಮೇಲ್ದರ್ಜೆಗೇರಿಸಲು 15,105 ಕೋಟಿ, ಸ್ವಂತ ಕಟ್ಟಡವಿಲ್ಲದ ಕೇಂದ್ರಗಳಿಗೆ 7,167 ಕೋಟಿ, ತಾಲ್ಲೂಕು ಮಟ್ಟದ ಸಾರ್ವಜನಿಕ ಆರೋಗ್ಯ ಘಟಕಗಳಿಗೆ 5,279 ಕೋಟಿ.

ದೊಡ್ಡ ಮೊತ್ತವೆಂದು ಕಾಣುತ್ತದೆ. ಐದು ವರ್ಷಕ್ಕೂ 140 ಕೋಟಿ ಜನರಿಗೂ ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ 100 ರೂಪಾಯಿ. ಅಷ್ಟಾದರೂ ಪ್ರಾಥಮಿಕ ಆರೋಗ್ಯಕ್ಕೆಂದೇ ಹೀಗೆ ಪ್ರತ್ಯೇಕವಾಗಿ ಎತ್ತಿಟ್ಟು, ಅದನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಡಲು ಹೊರಟದ್ದು ಮುಖ್ಯವಾದ ಹೆಜ್ಜೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ 23ನೆಯದು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಔಷಧಾಲಯಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯ. ಅಂದರೆ ಆಯೋಗ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. 1990ರ ದಶಕದಲ್ಲಿ ಸಂವಿಧಾನವೇ ಹೇಳಿದ್ದಕ್ಕೆ ಹಣ ಜೋಡಿಸಿತು.

ಈಗ ಕಷ್ಟದ ಮಾತಿಗೆ ಬರೋಣ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕಟ್ಟಡ, ಯಂತ್ರ, ಮೇಲ್ದರ್ಜೆ, ಘಟಕ. ಅವಧಿ ಮುಗಿದ ಮೇಲೂ ಇಲ್ಲಿಯೇ ಉಳಿದು ದುಡಿಯಬೇಕಾದ ನರ್ಸ್, ತಂತ್ರಜ್ಞ, ವೈದ್ಯರ ಖರ್ಚು ಮುಂದೆ ಯಾರದ್ದು ಎಂಬ ಪ್ರಶ್ನೆಗೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಐದು ವರ್ಷದ ಅನುದಾನದಿಂದ ಇಪ್ಪತ್ತೈದು ವರ್ಷದ ಉದ್ಯೋಗ ಕೊಡಲಾಗುವುದಿಲ್ಲ ಎಂಬುದು ನಿಜ. ಗೋಡೆ ಒಮ್ಮೆ ಕಟ್ಟಿದರೆ ನಿಲ್ಲುತ್ತದೆ. ಅದನ್ನು ಅಳೆಯಬಹುದು, ಫೋಟೊ ತೆಗೆದು ಪೋರ್ಟಲ್‌ಗೆ ಹಾಕಬಹುದು, ಲೆಕ್ಕಪರಿಶೋಧಕರಿಗೆ ತೋರಿಸಬಹುದು. ಬಿಪಿ ಇರುವ ಅಜ್ಜನೊಬ್ಬ ಆರು ವರ್ಷ ಮಾತ್ರೆ ತಪ್ಪಿಸದೆ ನುಂಗಿದ್ದಕ್ಕೆ, ಲಕ್ವ ಹೊಡೆಯದೆ ಉಳಿದದ್ದಕ್ಕೆ ಫೋಟೊ ಇರುವುದಿಲ್ಲ. ಪ್ರಾಥಮಿಕ ಆರೋಗ್ಯ ಸೇವೆಯ ಯಶಸ್ಸೆಲ್ಲ ಹೀಗೆ ಆಗದೆ ಉಳಿದ ಅನಾಹುತಗಳಲ್ಲಿದೆ. ಅನುದಾನದ ನಮೂನೆಗಳಿಗೆ ಅವು ಕಾಣಿಸುವುದಿಲ್ಲ.

ಇದು ಎಲ್ಲ ಊರಿಗೂ ಅನ್ವಯಿಸುವ ತೊಂದರೆ. ಹಿಂದುಳಿದ ಊರುಗಳಿಗೆ ಇದರ ಮೇಲೆ ಇನ್ನೊಂದು ಪೆಟ್ಟಿದೆ.

ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಊಹಿಸಿಕೊಳ್ಳಿ. ಒಂದು, ವೈದ್ಯ, ನರ್ಸ್, ಔಷಧಿ ವಿತರಕ, ಗುಮಾಸ್ತ ಎಲ್ಲರೂ ಇರುವ, ಜಿಲ್ಲಾ ಕೇಂದ್ರಕ್ಕೆ ಹತ್ತಿರದ ಕೇಂದ್ರ. ಇನ್ನೊಂದು, ಪ್ರಭಾರ ವೈದ್ಯರು ವಾರಕ್ಕೆ ಎರಡು ದಿನ ಬರುವ, ಗುಮಾಸ್ತರ ಹುದ್ದೆ ವರ್ಷಗಳಿಂದ ಖಾಲಿ ಇರುವ ಗಡಿಯ ಹಳ್ಳಿಯ ಕೇಂದ್ರ. ಇಬ್ಬರಿಗೂ ಒಂದೇ ಮೊತ್ತದ ಕಂತು ಬರುತ್ತದೆ. ಮೊದಲನೆಯ ಕೇಂದ್ರ ಆರೋಗ್ಯ ರಕ್ಷಾ ಸಮಿತಿಯ ಸಭೆ ಕರೆದು, ಮೂರು ದರಪಟ್ಟಿ ತರಿಸಿ, ಬಿಲ್ಲು ಹಾಕಿ, ಡಿಸೆಂಬರ್ ಹೊತ್ತಿಗೆ ಬಳಕೆ ಪ್ರಮಾಣಪತ್ರ ಕಳುಹಿಸುತ್ತದೆ. ಎರಡನೆಯದರಲ್ಲಿ ಸಭೆ ಕರೆಯಬೇಕಾದ ವೈದ್ಯರೇ ಇಲ್ಲ. ಇದ್ದ ನರ್ಸ್ ಒಬ್ಬರೇ ಹೆರಿಗೆ ನೋಡಬೇಕು, ಲಸಿಕೆ ಹಾಕಬೇಕು, ಪೋರ್ಟಲ್ ತುಂಬಬೇಕು. ಹಣ ಖಾತೆಯಲ್ಲಿ ಉಳಿಯುತ್ತದೆ. ಮುಂದಿನ ವರ್ಷದ ಕಂತು ಹಂಚುವಾಗ ಹಿಂದಿನದನ್ನು ಎಷ್ಟು ಬಳಸಿದ್ದೀರಿ ಎಂದು ಕೇಳುತ್ತಾರೆ. ಬಳಸದವರಿಗೆ ಕಡಿತ. ಬೇಕಾದಷ್ಟು ಸಿಬ್ಬಂದಿ ಇಲ್ಲದ್ದರಿಂದ ಖರ್ಚಾಗಲಿಲ್ಲ, ಖರ್ಚಾಗದ್ದರಿಂದ ಹಣ ಬರಲಿಲ್ಲ, ಹಣ ಬರದ್ದರಿಂದ ಕೇಂದ್ರ ಇನ್ನಷ್ಟು ಬಡವಾಯಿತು. ಮೇಲಿನ ಕಚೇರಿಯ ಕಡತದಲ್ಲಿ ಮಾತ್ರ ಅದು "ಬೇಡಿಕೆ ಇಲ್ಲದ" ಕೇಂದ್ರವಾಗಿ ಕಾಣುತ್ತದೆ.

ಎಲ್ಲರಿಗೂ ಒಂದೇ ಮೊತ್ತ ಎಂಬ ಮಾತನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಆರೋಗ್ಯ ಅಭಿಯಾನದ ಮಾನದಂಡದಂತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ 1.75 ಲಕ್ಷ ರೂಪಾಯಿ. ಇದು ಮುಕ್ತ ನಿಧಿ 25,000, ವಾರ್ಷಿಕ ನಿರ್ವಹಣೆಗೆ 50,000, ರೋಗಿ ಕಲ್ಯಾಣ ಸಮಿತಿಗೆ, ಅಂದರೆ ನಮ್ಮಲ್ಲಿನ ಆರೋಗ್ಯ ರಕ್ಷಾ ಸಮಿತಿಗೆ 1 ಲಕ್ಷ ಎಂದು ಮೊದಲು ನಿಗದಿಯಾಗಿದ್ದ ಮೂರು ಮೊತ್ತಗಳ ಒಟ್ಟು. ಬಯಲು ಪ್ರದೇಶದಲ್ಲಿ ಒಂದು ಕೇಂದ್ರಕ್ಕೆ 30,000 ಜನ ಎಂಬುದು ಲೆಕ್ಕ. ತಲೆಗೆ ವರ್ಷಕ್ಕೆ ಆರು ರೂಪಾಯಿಯೂ ಆಗಲಿಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000, ದಿನಕ್ಕೆ 27 ರೂಪಾಯಿ. ಈ ಮೊತ್ತಗಳು ಅಭಿಯಾನದ ಮೊದಲ ವರ್ಷಗಳಲ್ಲಿ ಹುಟ್ಟಿದವು. ಆಗ ಹತ್ತು ಸಾವಿರಕ್ಕೆ ಚರಂಡಿ ಸ್ವಚ್ಛಗೊಳಿಸಿ, ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸಿ, ಮಿಕ್ಕಿದ್ದರಲ್ಲಿ ಒಂದು ಆರೋಗ್ಯ ಶಿಬಿರವನ್ನೂ ಮಾಡಬಹುದಿತ್ತು. ಇಂದು ಅಷ್ಟು ಹಣದಲ್ಲಿ ಊರಿನ ಚರಂಡಿ ಒಮ್ಮೆ ಸ್ವಚ್ಛವಾದರೆ ಹೆಚ್ಚು.

ಮುಕ್ತ ನಿಧಿ ಸಣ್ಣದು, ಆದರೆ ಅದಕ್ಕಿರುವ ಗುಣ ಬೇರೆ ಯಾವ ಹಣಕ್ಕೂ ಇಲ್ಲ. ಮಾರ್ಗಸೂಚಿಯ ಮಿತಿಯೊಳಗೆ ಅದನ್ನು ಯಾವುದಕ್ಕೆ ಬಳಸಬೇಕು ಎಂದು ಆ ಊರಿನವರೇ ತೀರ್ಮಾನಿಸಬಹುದು. ಕೆಟ್ಟ ಪಂಪ್‌ಸೆಟ್, ಮುಗಿದ ಸಕ್ಕರೆ ಪರೀಕ್ಷೆಯ ಸ್ಟ್ರಿಪ್, ಹೆರಿಗೆ ಕೋಣೆಯ ಬಲ್ಬು, ರಾತ್ರಿ ಹೊತ್ತಿನ ಗಾಡಿ ಬಾಡಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರ ನಿಂತುಹೋಗುವುದು ಹೆಚ್ಚಾಗಿ ಕೋಟಿಗಳ ಕೊರತೆಯಿಂದ ಅಲ್ಲ, ಇಂಥ ಐನೂರು ರೂಪಾಯಿಯ ಕೊರತೆಯಿಂದ. ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಎರಡು ಸಾವಿರವೆಂದೇ ಹಿಡಿದರೆ 1.75 ಲಕ್ಷದಂತೆ ಒಟ್ಟು 35 ಕೋಟಿ. ಇದನ್ನು ಎರಡರಷ್ಟು ಮಾಡುವುದಕ್ಕೆ ಇನ್ನೂ 35 ಕೋಟಿ ಸಾಕು. ರಾಜ್ಯವೊಂದರ ಬಜೆಟ್‌ಗೆ ಇದು ಭಾರವಲ್ಲ. ಹೆಚ್ಚುವರಿ ಹಣವನ್ನು ಎಲ್ಲರಿಗೂ ಸಮನಾಗಿ ಹಂಚದೆ, ಅತಿ ಹಿಂದುಳಿದ ತಾಲ್ಲೂಕುಗಳಿಗೆ ಮಾತ್ರ ಮೂರು ಪಟ್ಟು ಕೊಟ್ಟರೆ ಖರ್ಚು ಇನ್ನೂ ಕಡಿಮೆ.

ಅತಿ ಹಿಂದುಳಿದ ತಾಲ್ಲೂಕುಗಳು ಯಾವುವು ಎಂದು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿಯೇ ಪಟ್ಟಿ ಕೊಟ್ಟಿದೆ. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ, ಆ 39ರಲ್ಲಿ 21 ಕಲಬುರಗಿ ವಿಭಾಗದವು ಎಂದು ಸಮಿತಿ ಲೆಕ್ಕ ಹಾಕಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆಯನ್ನು ಸೂಚಿಸಿತು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು, 2023-24ರ ಬಜೆಟ್‌ನಲ್ಲಿ ಆ ಮಂಡಳಿಗೆ 5,000 ಕೋಟಿ ಘೋಷಣೆಯಾಯಿತು. ಈ ಹಣದಿಂದ ಆ ಭಾಗದಲ್ಲಿ ಆಸ್ಪತ್ರೆ ಕಟ್ಟಡಗಳು ಎದ್ದಿವೆ, ಅದು ಸಂತೋಷದ ವಿಷಯವೇ. ಆದರೆ ಆರೋಗ್ಯ ಅಭಿಯಾನದ ಮುಕ್ತ ನಿಧಿಯ ಮಾನದಂಡಕ್ಕೆ ಈ ಪಟ್ಟಿಯ ಪರಿಚಯವೇ ಇಲ್ಲ. ಮಂಗಳೂರಿನ ಆಚೀಚೆ ಖಾಸಗಿ ವೈದ್ಯಕೀಯ ಕಾಲೇಜುಗಳು ಒತ್ತೊತ್ತಾಗಿರುವ ಪ್ರದೇಶದ ಕೇಂದ್ರಕ್ಕೂ ಶಹಾಪುರದ ಒಳಹಳ್ಳಿಯ ಕೇಂದ್ರಕ್ಕೂ ಅದೇ 1.75 ಲಕ್ಷ. ಅಸಮಾನರನ್ನು ಸಮಾನವಾಗಿ ಕಾಣುವ ಈ ಲೆಕ್ಕವನ್ನು ನ್ಯಾಯವೆಂದು ನಾನು ಒಪ್ಪುವುದಿಲ್ಲ.

ಜನಸಂಖ್ಯೆಯ ವಿಷಯವೂ ಇದೆ. ಉಪಕೇಂದ್ರಕ್ಕೆ ಬಯಲಿನಲ್ಲಿ 5,000, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000 ಜನ ಎಂಬ ಮಾನದಂಡವನ್ನು 2011ರ ಜನಗಣತಿಯ ಅಂಕಿಗಳ ಮೇಲೆಯೇ ಅನ್ವಯಿಸಿಕೊಂಡು ಬಂದಿದ್ದೇವೆ. 2021ರ ಗಣತಿ ನಡೆಯಲಿಲ್ಲ. ಈ ನಡುವೆ ಯಾದಗಿರಿ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ ಬದುಕುತ್ತಿವೆ. ಅವರ ಹೆಸರು ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದೆ, ದೇಹ ಇಲ್ಲಿದೆ. ಏಳು ತಿಂಗಳ ಬಸುರಿ ಬೆಂಗಳೂರಿಗೆ ಬಂದರೆ ಆಕೆಯ ತಾಯಿ ಕಾರ್ಡ್ ಊರಿನ ಉಪಕೇಂದ್ರದ ಲೆಕ್ಕಕ್ಕೆ ಸೇರಿರುತ್ತದೆ, ಇಲ್ಲಿನ ಕೇಂದ್ರಕ್ಕೆ ಆಕೆ ಗುರಿಯ ಸಂಖ್ಯೆಯಲ್ಲಿ ಇರುವುದಿಲ್ಲ. ತಲೆ ಎಣಿಸಿ ಕೊಡುವ ಅನುದಾನದಲ್ಲಿ ಅಲೆಯುವ ತಲೆಗಳು ಎರಡೂ ಕಡೆ ಬಿಟ್ಟುಹೋಗುತ್ತವೆ.

ನಗರಗಳ ಪಾಲಿನ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಹಣಕಾಸು ಆಯೋಗದ ನಗರ ಪಾಲಿನಲ್ಲಿ 24,028 ಕೋಟಿ ನಗರ ಕ್ಷೇಮ ಕೇಂದ್ರಗಳಿಗೇ ಇತ್ತು. ಕರ್ನಾಟಕದಲ್ಲಿ ಇವು ನಮ್ಮ ಕ್ಲಿನಿಕ್ ಎಂಬ ಹೆಸರಿನಲ್ಲಿ ಬಂದವು. ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಎಂದು ಯೋಜಿಸಿ, 2022ರ ಡಿಸೆಂಬರ್‌ನಲ್ಲಿ ಮೊದಲ ಹಂತದವನ್ನು ತೆರೆದರು. ಕಲ್ಪನೆ ಒಳ್ಳೆಯದು. ಜ್ವರಕ್ಕೆ, ಬಿಪಿಗೆ, ಸಕ್ಕರೆ ಕಾಯಿಲೆಗೆ ಮನೆ ಹತ್ತಿರವೇ ಉಚಿತ ವೈದ್ಯರು. ಆದರೆ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳು, ಪೌರಕಾರ್ಮಿಕರು, ಗಾರೆ ಕೆಲಸದವರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ? ಆಮೇಲೆ ಕೆಲವು ಕ್ಲಿನಿಕ್‌ಗಳನ್ನು ಸಂಜೆಯವರೆಗೂ ತೆರೆಯುವ ಪ್ರಯತ್ನ ನಡೆಯಿತು. ಮೊದಲೇ ಆ ವಾರ್ಡಿನವರನ್ನು ಕೂರಿಸಿಕೊಂಡು ಕೇಳಿದ್ದರೆ ಮೊದಲ ದಿನದಿಂದಲೇ ಸಂಜೆ ಬಾಗಿಲು ತೆರೆದಿರುತ್ತಿತ್ತು. ವಾರ್ಡಿನವರ ಪರವಾಗಿ ಕೇಳಬೇಕಾದವರು ಕಾರ್ಪೊರೇಟರ್. ಬೆಂಗಳೂರಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿಯೇ ಮುಗಿದಿತ್ತು.

ಇಲ್ಲಿಗೆ ನಾವು ಇಡೀ ವಿಷಯದ ನಡುಮನೆಗೆ ಬಂದೆವು. ಹಣಕಾಸು ಆಯೋಗ ಈ ಅನುದಾನವನ್ನು ಸ್ಥಳೀಯ ಸರ್ಕಾರಗಳ ಮೂಲಕ ಕೊಡಬೇಕೆಂದಿತು. ಕರ್ನಾಟಕ ಇದಕ್ಕೆ ದೇಶಕ್ಕೇ ಮಾದರಿಯಾಗಬಹುದಾಗಿದ್ದ ರಾಜ್ಯ. ಅಂದಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಹುಟ್ಟಿದಾಗ, ಜಿಲ್ಲೆಯ ಆಡಳಿತವನ್ನು ಜನಪ್ರತಿನಿಧಿಗಳ ಕೈಗೆ ಕೊಡುವ ಧೈರ್ಯವನ್ನು ಈ ರಾಜ್ಯ ತೋರಿತ್ತು. ಅದೇ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ನಂತರ ಚುನಾವಣೆ ತಪ್ಪಿತು. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅಂದರೆ 15ನೇ ಆಯೋಗದ ಅವಧಿ ಶುರುವಾದ ವರ್ಷವೇ ಆರೋಗ್ಯ ಸ್ಥಾಯಿ ಸಮಿತಿಯಲ್ಲಿ ಕುಳಿತು ಯಂತ್ರ ಮೊದಲೋ ತಂತ್ರಜ್ಞ ಮೊದಲೋ ಎಂದು ಕೇಳಬೇಕಾದವರು ಇಲ್ಲವಾದರು. ಅಧಿಕಾರಿಗಳು ತಮ್ಮಿಂದಾದಷ್ಟು ಮಾಡಿದ್ದಾರೆ. ಆದರೆ ಆಡಳಿತಾಧಿಕಾರಿಯನ್ನು ಸಂತೆಯಲ್ಲಿ ಅಡ್ಡಗಟ್ಟಿ, "ನಮ್ಮ ಆಸ್ಪತ್ರೆಯಲ್ಲಿ ಎರಡು ತಿಂಗಳಿಂದ ಬಿಪಿ ಮಾತ್ರೆ ಇಲ್ಲ, ಏನು ಮಾಡುತ್ತಿದ್ದೀರಿ?" ಎಂದು ಕೇಳಲಾಗುವುದಿಲ್ಲ. ಸದಸ್ಯರನ್ನು ಕೇಳಬಹುದು. ಆ ಪ್ರಶ್ನೆ ಇಲ್ಲದೆ ಹೋದರೆ ಸ್ಥಳೀಯ ಸಂಸ್ಥೆಯ ಅನುದಾನವೂ ಇಲಾಖೆಯ ಅನುದಾನವೂ ಒಂದೇ, ಖಾತೆಯ ಹೆಸರು ಬೇರೆ ಅಷ್ಟೇ.

ಪಕ್ಕದ ಕೇರಳ ಇದಕ್ಕೆ ಎದುರು ಉದಾಹರಣೆ. 1996ರಲ್ಲಿ ಜನಯೋಜನೆ ಆರಂಭಿಸಿ ಯೋಜನಾ ವೆಚ್ಚದ ಮೂರನೇ ಒಂದಕ್ಕೂ ಹೆಚ್ಚು ಭಾಗವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಆ ರಾಜ್ಯ, ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳ ಉಸ್ತುವಾರಿಗೆ ಬಿಟ್ಟಿತು. 2017ರಲ್ಲಿ ಆರ್ದ್ರಂ ಅಭಿಯಾನದಡಿ ಅವುಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾಡಿ ಹೊರರೋಗಿ ವಿಭಾಗವನ್ನು ಸಂಜೆ 6ರವರೆಗೆ ತೆರೆದಾಗ, ಹೆಚ್ಚುವರಿ ವೈದ್ಯರನ್ನೂ ಸಿಬ್ಬಂದಿಯನ್ನೂ ನೇಮಿಸಿಕೊಳ್ಳಲು ಹಲವು ಪಂಚಾಯಿತಿಗಳು ತಮ್ಮ ನಿಧಿಯನ್ನೇ ಬಳಸಿದವು. ನಮ್ಮ ಗಡಿಗೆ ಹತ್ತಿರದ ವಯನಾಡಿನ ನೂಲ್ಪುಳದಲ್ಲಿ ಕಾಡಿನ ಹಾಡಿಗಳಿಂದ ಬರುವ ಬುಡಕಟ್ಟು ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು ತಂಗುವ ಮನೆಯೊಂದು ಆರೋಗ್ಯ ಕೇಂದ್ರದ ಜೊತೆಗಿದೆ. ದಿನ ತುಂಬಿದಾಗ ಆನೆ ಕಾಟ, ಮಳೆ, ರಸ್ತೆ ಇಲ್ಲದ ದಾರಿ ಯಾವುದೂ ಅಡ್ಡಬರಬಾರದು ಎಂಬ ಯೋಚನೆ ಅದು. ದೆಹಲಿಯಲ್ಲಿ ಕುಳಿತು ಇದನ್ನು ಮಾರ್ಗಸೂಚಿಯಲ್ಲಿ ಬರೆಯಲಾಗುವುದಿಲ್ಲ. ಆ ಹಾದಿಯಲ್ಲಿ ನಡೆದವರಿಗೆ ಮಾತ್ರ ಹೊಳೆಯುತ್ತದೆ.

ನಮ್ಮಲ್ಲಿಯೂ ಹೊಳೆದಿದೆ. ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. ಸಂಬಳ, ಔಷಧಿಗೆ ಸರ್ಕಾರದ ಅನುದಾನ, ನಡೆಸುವ ಹೊಣೆ ಸಂಸ್ಥೆಯದು. ಸಿಬ್ಬಂದಿ ಅಲ್ಲಿಯೇ ವಾಸವಿರಬೇಕು ಎಂಬುದು ಅವರು ಬಿಗಿಯಾಗಿ ಹಿಡಿದ ಕಟ್ಟಳೆ. ಮೂರ್ಛೆ ರೋಗ, ಮಾನಸಿಕ ಕಾಯಿಲೆಗಳ ಚಿಕಿತ್ಸೆಯೂ ಪ್ರಾಥಮಿಕ ಕೇಂದ್ರದಲ್ಲಿಯೇ ಸಿಗುವಂತೆ ಮಾಡಿದರು. ಬುಡಕಟ್ಟು ಹುಡುಗಿಯರನ್ನೇ ಎಎನ್ಎಂ, ಅಂದರೆ ಸಹಾಯಕ ಶುಶ್ರೂಷಕಿಯ ತರಬೇತಿಗೆ ಕಳುಹಿಸಿ ಅವರವರ ಭಾಗದ ಉಪಕೇಂದ್ರಗಳಲ್ಲಿ ನೇಮಿಸುವ ಪ್ರಯತ್ನವೂ ಅದೇ ಬಳಗದಿಂದ ಬಂದದ್ದು. ಬೆಂಗಳೂರಿನಿಂದ ಬಂದ ನರ್ಸ್ ವರ್ಗಾವಣೆಯ ದಾರಿ ಕಾಯುತ್ತಾರೆ. ಸೋಲಿಗರ ಹುಡುಗಿಗೆ ಬಿಳಿಗಿರಿರಂಗನ ಬೆಟ್ಟವೇ ಊರು, ಆಕೆಯ ಮಾತು ಪೋಡಿನ, ಅಂದರೆ ಸೋಲಿಗರ ಹಾಡಿಯ ಮುದುಕಿಗೂ ಅರ್ಥವಾಗುತ್ತದೆ. ಸರ್ಕಾರಿ ಕೇಂದ್ರಗಳನ್ನೆಲ್ಲ ಸಂಸ್ಥೆಗಳಿಗೆ ವಹಿಸಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ವಹಿಸುವುದರ ಅಪಾಯಗಳು ಬೇರೆಯೇ ಇವೆ, ಮತ್ತು ಎಲ್ಲ ಸಂಸ್ಥೆಗಳೂ ಒಂದೇ ಮಟ್ಟದವಲ್ಲ. ನಾನು ಹೇಳುತ್ತಿರುವುದು ಅಲ್ಲಿ ಅನುದಾನ ಯಾವುದಕ್ಕೆ ಹೋಯಿತು ಎಂಬುದರ ಬಗ್ಗೆ. ಅದು ಮನುಷ್ಯರನ್ನು ಊರಲ್ಲಿ ನಿಲ್ಲಿಸುವುದಕ್ಕೆ ಹೋಯಿತು.

ಷರತ್ತುಗಳ ಬಗ್ಗೆಯೂ ಒಂದು ಮಾತು. ಅನುದಾನಕ್ಕೆ ಷರತ್ತು ಇರಬೇಕು, ಇಲ್ಲದಿದ್ದರೆ ಹಣ ಎಲ್ಲಿ ಹೋಯಿತೆಂದು ಕೇಳುವವರಿರುವುದಿಲ್ಲ. ಆದರೆ ಯಾವ ಷರತ್ತು? 2023ರಲ್ಲಿ ಪಂಜಾಬ್ ತನ್ನ ಕ್ಷೇಮ ಕೇಂದ್ರಗಳನ್ನು ಆಮ್ ಆದ್ಮಿ ಕ್ಲಿನಿಕ್ ಎಂದು ಬದಲಿಸಿದ್ದಕ್ಕೆ ಕೇಂದ್ರ ಸರ್ಕಾರ ಆರೋಗ್ಯ ಅಭಿಯಾನದ ಹಣವನ್ನೇ ತಡೆಹಿಡಿಯಿತು. ಗೋಡೆಯ ಬಣ್ಣ, ಫಲಕದ ಹೆಸರಿನ ವಿಷಯಕ್ಕೆ ಪಶ್ಚಿಮ ಬಂಗಾಳದೊಡನೆಯೂ ಜಗಳವಾಯಿತು. ರಾಜ್ಯ ಒಪ್ಪಿದ ಕರಾರನ್ನು ಮೀರಿತು ಎಂಬುದು ಕೇಂದ್ರದ ವಾದ. ತನ್ನ ಹಣವೂ ಇದರಲ್ಲಿದೆ ಎಂಬುದು ರಾಜ್ಯದ ವಾದ. ಎರಡರಲ್ಲೂ ಹುರುಳಿರಬಹುದು. ಈ ಜಗಳದಲ್ಲಿ ಸಂಬಳ ನಿಂತದ್ದು ಗುತ್ತಿಗೆ ನೌಕರರದ್ದು. ಕ್ಷಯ ರೋಗಿಯ ಮಾತ್ರೆ ಒಂದು ದಿನವೂ ತಪ್ಪಬಾರದು ಎಂಬುದನ್ನು ಷರತ್ತು ಮಾಡಿ, ಫಲಕದ ಬಣ್ಣವನ್ನಲ್ಲ, ಎಂದು ಎರಡೂ ಕಡೆಯವರಿಗೆ ಹೇಳಬೇಕೆನಿಸುತ್ತದೆ.

ಈ ವ್ಯವಸ್ಥೆಯ ಕೊನೆಯ ತುದಿಯಲ್ಲಿ ಇರುವವರು ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿ ಧರಣಿ ನಡೆಸಿದರು. ಕನಿಷ್ಠ ಹತ್ತು ಸಾವಿರ ರೂಪಾಯಿ ಸಿಗುವಂತೆ ಮಾಡುತ್ತೇವೆ ಎಂಬ ಭರವಸೆ ಪಡೆದು ಊರಿಗೆ ಮರಳಿದರು. ಅವರ ಗಳಿಕೆಯ ಒಂದು ಭಾಗ ಮಾಡಿದ ಕೆಲಸದ ಲೆಕ್ಕದ ಮೇಲೆ ಬರುತ್ತದೆ. ಇಷ್ಟು ಹೆರಿಗೆ, ಇಷ್ಟು ಲಸಿಕೆ, ಇಷ್ಟು ಭೇಟಿ. ದೂರದ ತಾಂಡಾಕ್ಕೆ ನಾಲ್ಕು ಕಿಲೋಮೀಟರ್ ನಡೆದು ಒಂದು ಮನೆ ನೋಡಿ ಬರುವವಳಿಗೂ, ಒತ್ತಾದ ಓಣಿಯಲ್ಲಿ ಅದೇ ಹೊತ್ತಿನಲ್ಲಿ ಹತ್ತು ಮನೆ ನೋಡುವವಳಿಗೂ ಒಂದೇ ದರ. ಮತ್ತೆ ಅದೇ ಲೆಕ್ಕ. ಕಷ್ಟದ ಊರಿನಲ್ಲಿ ದುಡಿಯುವವಳ ಕೈಗೆ ಕಡಿಮೆ ಹಣ.

ರಾಷ್ಟ್ರೀಯ ಆರೋಗ್ಯ ನೀತಿ 2017ರಲ್ಲಿ ಹೇಳಿದ್ದು ಇಷ್ಟು: 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚ ದೇಶದ ಒಟ್ಟು ಉತ್ಪನ್ನದ ಶೇ 2.5 ಆಗಬೇಕು, ಅದರಲ್ಲಿ ಮೂರನೇ ಎರಡು ಭಾಗ ಪ್ರಾಥಮಿಕ ಸೇವೆಗೆ ಹೋಗಬೇಕು. ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ 2021-22ರಲ್ಲಿ, ಕೋವಿಡ್ ಖರ್ಚೂ ಸೇರಿದಂತೆ, ನಾವು ಮುಟ್ಟಿದ್ದು ಶೇ 1.84. ಜನರು ಜೇಬಿನಿಂದ ಕೊಡುವ ಪಾಲು 2014-15ರ ಶೇ 62.6ರಿಂದ 39.4ಕ್ಕೆ ಇಳಿದಿದೆ ಎಂದೂ ಅದೇ ಲೆಕ್ಕ ಹೇಳುತ್ತದೆ. ಈ ಇಳಿಕೆ ಸಣ್ಣದಲ್ಲ. ಆದರೆ ಜೇಬಿನ ಖರ್ಚು ಕಡಿಮೆಯಾಗುವುದು ಎರಡು ಕಾರಣಗಳಿಂದ ಸಾಧ್ಯ. ಸರ್ಕಾರ ಕೊಟ್ಟಿದ್ದರಿಂದ ಕಡಿಮೆಯಾಗಬಹುದು. ದುಡ್ಡಿಲ್ಲದವರು ಪರೀಕ್ಷೆಯನ್ನೇ ಬಿಟ್ಟದ್ದರಿಂದಲೂ ಕಡಿಮೆಯಾಗಬಹುದು. ತೊಗರಿ ಹೊಲದ ಆ ಹೆಂಗಸು ತಾಲ್ಲೂಕಿಗೆ ಹೋಗದೆ ಮನೆಗೆ ಮರಳಿದ್ದರೆ ಆ ತಿಂಗಳ ಅವರ ಆರೋಗ್ಯ ವೆಚ್ಚ ಸೊನ್ನೆ.

15ನೇ ಆಯೋಗದ ಆರೋಗ್ಯ ಅನುದಾನದ ಅವಧಿಗೆ 2026ರ ಮಾರ್ಚ್ 31 ಕೊನೆಯ ದಿನ. ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ ಐದು ವರ್ಷ 2026ರ ಏಪ್ರಿಲ್ 1ರಿಂದ. ಹಳೆಯ ಅನುದಾನದಲ್ಲಿ ಎದ್ದ ಕಟ್ಟಡಗಳಿಗೆ ಸುಣ್ಣ ಬಣ್ಣ, ಕೊಂಡ ಯಂತ್ರಗಳಿಗೆ ದ್ರಾವಣ, ತೆರೆದ ಕ್ಲಿನಿಕ್‌ಗಳಿಗೆ ವೈದ್ಯರ ಸಂಬಳ ಇವೆಲ್ಲದರ ಹೊರೆ ಇನ್ನು ರಾಜ್ಯದ ಬಜೆಟ್ ಮೇಲೆ. ವರಮಾನ ಚೆನ್ನಾಗಿರುವ ಕರ್ನಾಟಕ ಇದನ್ನು ಹೊರಬಲ್ಲದು, ಮನಸ್ಸು ಮಾಡಿದರೆ. ಅದಕ್ಕೆ ಮೊದಲ ಕೆಲಸ, ಅನುದಾನದಲ್ಲಿ ಬಂದ ಪ್ರತಿಯೊಂದು ಯಂತ್ರಕ್ಕೂ ಅದನ್ನು ನಡೆಸುವ ಖರ್ಚೆಷ್ಟು, ನಡೆಸುವವರು ಯಾರು ಎಂಬ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸುವುದು. ಎರಡನೆಯದು, ನಂಜುಂಡಪ್ಪ ಸಮಿತಿಯ ಪಟ್ಟಿಯನ್ನು ಮುಕ್ತ ನಿಧಿಯ ಮಾನದಂಡದೊಳಗೆ ತರುವುದು, ಮತ್ತು ಹಣ ಬಳಸಲಾಗದ ಕೇಂದ್ರಕ್ಕೆ ಕಡಿತದ ಬದಲು ಗುಮಾಸ್ತರೊಬ್ಬರನ್ನು ಕಳುಹಿಸುವುದು. ಮೂರನೆಯದು ಚುನಾವಣೆ.

ಆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊರಡುವಾಗ, ಇಲ್ಲಿಗೆ ತುರ್ತಾಗಿ ಏನು ಬೇಕು ಎಂದು ನರ್ಸ್ ಅವರನ್ನು ಕೇಳಿದೆ. ದೊಡ್ಡ ಪಟ್ಟಿಯನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಮೇಜಿನ ಖಾನೆ ಎಳೆದು ಗ್ಲುಕೋಮೀಟರ್ ಸ್ಟ್ರಿಪ್‌ನ ಡಬ್ಬಿ ತೋರಿಸಿದರು. ಒಳಗೆ ಎಂಟು ಉಳಿದಿದ್ದವು. ಮುಂದಿನ ಕಂತು ಬಂದಿರಲಿಲ್ಲ. "ಇವು ಬಸುರಿಯರಿಗೆ ಅಂತ ಎತ್ತಿಟ್ಟಿದ್ದೇನೆ ಸರ್" ಎಂದು ಹೇಳಿ ಖಾನೆಯನ್ನು ಮುಚ್ಚಿದರು.